ರಸ್ತೆ ಬೇಡವೆಂದಾಕೆಯ ಗಂಡನ ಹೆಸರೇ ರಸ್ತೆಗೆ

ಸೆಪ್ಟೆಂಬರ್ 1 ಬಂತೆಂದರೆ ಅಮೆರಿಕದ ಬಾಸ್ಟನ್ನಿನಲ್ಲಿ ಅರ್ಧ ಊರೇ ಮನೆ ಬದಲಿಸುತ್ತದೆಯೇನೋ ಅನ್ನಿಸುತ್ತದಂತೆ. ಅಲ್ಲಿನ ಬಾಡಿಗೆ ಕರಾರುಗಳಲ್ಲಿ ಹೆಚ್ಚಿನವು ಶುರುವಾಗುವುದು ಅದೇ ದಿನ. ಸುತ್ತಮುತ್ತ ಹತ್ತಾರು ಕಾಲೇಜು, ಯೂನಿವರ್ಸಿಟಿ. ಹಾಸಿಗೆ, ಮೇಜು, ಪಾತ್ರೆ, ಪುಸ್ತಕ ಎಲ್ಲವನ್ನೂ ಬಾಡಿಗೆ ಟ್ರಕ್ಕಿಗೆ ತುಂಬಿಕೊಂಡು, ಜೀವನದಲ್ಲೇ ಮೊದಲ ಸಲ ಟ್ರಕ್ಕಿನ ಸ್ಟೀರಿಂಗ್ ಹಿಡಿದ ಹುಡುಗ ಹುಡುಗಿಯರು ರಸ್ತೆಗಿಳಿಯುತ್ತಾರೆ. ಆಗ ನದಿ ದಡದ ಒಂದು ರಸ್ತೆಯಲ್ಲಿ ಮಾತ್ರ ಒಂದೇ ಬಗೆಯ ಅಪಘಾತ ವರ್ಷ ವರ್ಷವೂ ಆಗುತ್ತದೆ. ಟ್ರಕ್ಕು ಸೇತುವೆಯ ಕೆಳಗೆ ನುಗ್ಗುತ್ತದೆ. ಸೇತುವೆ ಅಲ್ಲಾಡುವುದಿಲ್ಲ. ಟ್ರಕ್ಕಿನ ಮೇಲ್ಭಾಗ ಮಾತ್ರ ತಗಡಿನ ಡಬ್ಬದ ಮುಚ್ಚಳ ಸುಲಿದ ಹಾಗೆ ಹಿಂದಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ.

ಇದು ಎಷ್ಟು ಮಾಮೂಲಿಯೆಂದರೆ ಬಾಸ್ಟನ್ನಿನ ಜನ ಇದಕ್ಕೊಂದು ಕ್ರಿಯಾಪದವನ್ನೇ ಹುಟ್ಟಿಸಿಕೊಂಡಿದ್ದಾರೆ. ರಸ್ತೆಯ ಹೆಸರು ಸ್ಟಾರೋ ಡ್ರೈವ್. ಟ್ರಕ್ಕು ಸಿಕ್ಕಿಕೊಂಡರೆ ಅದು 'ಸ್ಟಾರೋಡ್' ಆಯಿತು ಅನ್ನುತ್ತಾರೆ.

ನನಗೆ ಈ ರಸ್ತೆಯ ಪರಿಚಯ ಮಾಡಿಸಿದ್ದು ದೊಡ್ಡಮ್ಮನ ಮಗಳು. ಅಲ್ಲಿ ಎಂಎಸ್ ಮಾಡುತ್ತಿದ್ದಾಳೆ. ಹೋದ ವರ್ಷ ಅವಳೂ ರೂಮ್‌ಮೇಟ್‌ಗಳೂ ಮನೆ ಬದಲಿಸುವಾಗ ಮ್ಯಾಪ್ ಅವರನ್ನು ಸೀದಾ ಆ ರಸ್ತೆಯ ಕಡೆಗೇ ತಿರುಗಿಸಿತಂತೆ. ಮ್ಯಾಪಿಗೇನು ಗೊತ್ತು, ಇವರು ಕಾರಿನಲ್ಲಿದ್ದಾರೋ ಟ್ರಕ್ಕಿನಲ್ಲಿದ್ದಾರೋ? ಜೊತೆಗಿದ್ದ ಹುಬ್ಬಳ್ಳಿ ಹುಡುಗಿಗೆ ಸೀನಿಯರ್‌ಗಳ ವಾಟ್ಸ್‌ಆ್ಯಪ್ ಗ್ರೂಪಿನ ಎಚ್ಚರಿಕೆ ನೆನಪಾಗಿ, "ಲೇ, ಬ್ಯಾಡ ಬ್ಯಾಡ, ಆ ಕಡೆ ಹೋಗಬ್ಯಾಡ" ಅಂತ ಕೂಗಿದಳಂತೆ. ಬಚಾವಾದರು. "ನೀನು ಸಿವಿಲ್ ಓದ್ತಿದೀಯಲ್ಲ, ಅಷ್ಟು ದೊಡ್ಡ ಊರಲ್ಲಿ ಸೇತುವೆ ಯಾಕೆ ಅಷ್ಟು ಕೆಳಗೆ ಕಟ್ಟಿದಾರೆ ಹೇಳು ನೋಡೋಣ" ಅಂತ ಅಕ್ಕ ಫೋನಿನಲ್ಲಿ ಕೇಳಿದಳು. ಉತ್ತರ ಹುಡುಕಲು ಹೋದವನಿಗೆ ನೂರು ವರ್ಷದ ಕಥೆಯೇ ಸಿಕ್ಕಿತು.

ಮೊದಲು ಎತ್ತರದ ಲೆಕ್ಕ. ಸ್ಟಾರೋ ಡ್ರೈವ್‌ನ ಪ್ರವೇಶಗಳಲ್ಲಿ 'ಕಾರುಗಳಿಗೆ ಮಾತ್ರ' ಎಂಬ ಬೋರ್ಡಿದೆ. ಜೊತೆಗೆ 10 ಅಡಿ ಎತ್ತರದ ಮಿತಿಯೂ ಇದೆ. ಅಂದರೆ ಸುಮಾರು 3 ಮೀಟರ್. ನಮ್ಮ ಐಆರ್‌ಸಿ ಪ್ರಕಾರ ನಗರದೊಳಗಿನ ರಸ್ತೆಯ ಮೇಲೆ ಬಿಡಬೇಕಾದ ಎತ್ತರ 5.5 ಮೀಟರ್. ವ್ಯತ್ಯಾಸ ಎರಡೂವರೆ ಮೀಟರ್ ತಾನೇ, ಇನ್ನೊಂದಿಷ್ಟು ಎತ್ತರಿಸಿದ್ದರೆ ಆಗುತ್ತಿರಲಿಲ್ಲವೇ ಅನ್ನಿಸಬಹುದು. ನಾನು ಲೆಕ್ಕ ಹಾಕಿ ನೋಡಿದೆ. ಏರು ರಸ್ತೆಯ ಇಳಿಜಾರು ಶೇ 5 ಎಂದಿಟ್ಟುಕೊಳ್ಳಿ. ಸೇತುವೆಯನ್ನು 1 ಮೀಟರ್ ಎತ್ತರಿಸಲು ಎರಡೂ ಬದಿಗೆ ತಲಾ 20 ಮೀಟರ್ ಹೆಚ್ಚು ಉದ್ದ ಬೇಕು. ಎರಡೂವರೆ ಮೀಟರಿಗೆ ಒಟ್ಟು 100 ಮೀಟರ್. ಒಂದು ಬದಿಯಲ್ಲಿ ಮನೆಗಳ ಸಾಲು, ಇನ್ನೊಂದು ಬದಿಯಲ್ಲಿ ನದಿ ಇರುವ ಪಟ್ಟಿಯಲ್ಲಿ ಆ ಜಾಗ ಎಲ್ಲಿದೆ? ರಸ್ತೆಯನ್ನೇ ಕೆಳಗಿಳಿಸೋಣ ಅಂದರೆ ನದಿಯ ನೀರಿನ ಮಟ್ಟ ಪಕ್ಕದಲ್ಲೇ ಇದೆ.

ಇದು ಅರ್ಧ ಉತ್ತರ ಅಷ್ಟೇ. ಉಳಿದರ್ಧ 'ಪಾರ್ಕ್‌ವೇ' ಎಂಬ ಪದದಲ್ಲಿದೆ. ಸೆಂಟ್ರಲ್ ಪಾರ್ಕ್ ರೂಪಿಸಿದ ಓಲ್ಮ್‌ಸ್ಟೆಡ್ ಮತ್ತು ವಾಕ್ಸ್ ಜೋಡಿ 19ನೇ ಶತಮಾನದಲ್ಲಿ ಆ ಪದವನ್ನು ಬಳಕೆಗೆ ತಂದಾಗ ಅದರ ಅರ್ಥ, ಪಾರ್ಕಿಗೆ ಕರೆದೊಯ್ಯುವ, ತಾನೂ ಪಾರ್ಕಿನಂತೆಯೇ ಇರುವ ಮರಗಳ ಸಾಲಿನ ದಾರಿ. ಸಾರೋಟಿನಲ್ಲಿ ಕೂತು ಗಾಳಿ ಸೇವನೆಗೆ ಹೋಗುವವರಿಗಾಗಿ ಮಾಡಿದ್ದು. ಆಮೇಲೆ ಕಾರು ಬಂತು. ನ್ಯೂಯಾರ್ಕಿನ ಬ್ರಾಂಕ್ಸ್ ನದಿಯ ದಡದಲ್ಲಿ 1925ರಲ್ಲಿ ಮುಗಿದ ಪಾರ್ಕ್‌ವೇ ಮೊದಲ ಆಧುನಿಕ ಮಾದರಿಯಾಯಿತು. ಕೊಳಕು ನದಿಯನ್ನು ಸ್ವಚ್ಛ ಮಾಡುವ ಕೆಲಸವಾಗಿ ಶುರುವಾಗಿದ್ದು ಕೊನೆಗೆ ಕಾರು ಓಡಿಸುವ ರಸ್ತೆಯಾಗಿ ಮುಗಿಯಿತು. ಪಾರ್ಕ್‌ವೇಯಲ್ಲಿ ಲಾರಿಗೂ ಬಸ್ಸಿಗೂ ಪ್ರವೇಶವಿಲ್ಲ. ಅವು ಬರುವುದೇ ಇಲ್ಲ ಎಂದ ಮೇಲೆ ಸೇತುವೆಗೆ ಎತ್ತರ ಯಾಕೆ? ನಮ್ಮ ಸಾರಿಗೆ ಸಂಸ್ಥೆಯ ಬಸ್ಸನ್ನು ಅಲ್ಲಿಗೆ ಒಯ್ದರೆ ನುಸುಳುವುದು ಅನುಮಾನ. ಕಾರಿದ್ದವರಿಗೆ ನದಿ ದಡ, ಇಲ್ಲದವರಿಗೆ ಸುತ್ತುದಾರಿ. ಇದನ್ನು ಬರೆಯುವಾಗ ನನಗೆ ಸ್ವಲ್ಪ ಸಿಟ್ಟು ಬಂದಿದ್ದು ನಿಜ. ನಾನು ಕಾಲೇಜಿಗೆ ಹೋಗುವುದು ಬಸ್ ಪಾಸಿನಲ್ಲಿ.

ನದಿಯನ್ನು ಕೆರೆ ಮಾಡಿದ ಮನುಷ್ಯ

ಚಾರ್ಲ್ಸ್ ನದಿ ಹುಟ್ಟುವುದು ಹಾಪ್ಕಿಂಟನ್ ಎಂಬ ಊರಿನಲ್ಲಿ. ಬಾಸ್ಟನ್ ಮ್ಯಾರಥಾನ್ ಶುರುವಾಗುವ ಊರೂ ಅದೇ. ಓಟಗಾರರು 42 ಕಿಲೋಮೀಟರ್ ಓಡಿ ಬಾಸ್ಟನ್ ಮುಟ್ಟಿದರೆ, ನದಿ ಮಾತ್ರ ಸುತ್ತಿ ಬಳಸಿ ಸುಮಾರು 129 ಕಿಲೋಮೀಟರ್ ಹರಿದು ಸಮುದ್ರ ಸೇರುತ್ತದೆ. ಅವಸರವೇ ಇಲ್ಲದ ನದಿ.

19ನೇ ಶತಮಾನದಲ್ಲಿ ಇದರ ಕೊನೆಯ ಭಾಗ ನೋಡುವಂತಿರಲಿಲ್ಲ, ಮೂಸುವಂತೆಯಂತೂ ಇರಲೇ ಇಲ್ಲ. ಸಮುದ್ರದ ಉಬ್ಬರ ಬಂದಾಗ ನೀರು ಒಳಗೆ ಬರುತ್ತಿತ್ತು, ಇಳಿದಾಗ ಕೆಸರಿನ ಬಯಲು ತೆರೆದುಕೊಳ್ಳುತ್ತಿತ್ತು. ಊರಿನ ಚರಂಡಿಗಳೆಲ್ಲ ಅಲ್ಲಿಗೇ. ಅದರಲ್ಲಿ ಬ್ಯಾಕ್ ಬೇ ಎಂಬ ಒಂದು ದೊಡ್ಡ ಭಾಗವನ್ನು 1850ರ ದಶಕದ ಕೊನೆಯಿಂದ ಮಣ್ಣು ಹಾಕಿ ತುಂಬತೊಡಗಿದರು. ಪಕ್ಕದ ನೀಡಮ್ ಊರಿನ ಜಲ್ಲಿ ಗುಡ್ಡಗಳನ್ನು ಉಗಿಯಂತ್ರದ ಸಲಿಕೆಯಿಂದ ಅಗೆದು, ರೈಲಿನಲ್ಲಿ ಹಗಲು ರಾತ್ರಿ ಸಾಗಿಸಿ ದಶಕಗಳ ಕಾಲ ಸುರಿದರು. ಇವತ್ತು ಬಾಸ್ಟನ್ನಿನ ಅತಿ ಶ್ರೀಮಂತ ಬಡಾವಣೆಗಳಲ್ಲಿ ಒಂದು ನಿಂತಿರುವುದು ಆ ತುಂಬಿದ ಮಣ್ಣಿನ ಮೇಲೆ, ನೀರಿನಲ್ಲಿ ಮುಳುಗಿರುವ ಮರದ ಕಂಬಗಳ ಆಸರೆಯಲ್ಲಿ. ಪೈಲ್ ಫೌಂಡೇಶನ್ ಪಾಠ ಮಾಡುವಾಗ ಮರದ ಕಂಬ ಸದಾ ನೀರಿನೊಳಗಿದ್ದರೆ ಕೊಳೆಯುವುದಿಲ್ಲ, ಅಂತರ್ಜಲ ಇಳಿದು ಗಾಳಿ ತಾಗಿದರೆ ಕೊಳೆಯುತ್ತದೆ ಅಂತ ನಮಗೆ ಹೇಳಿಕೊಟ್ಟಿದ್ದಾರೆ. ಬ್ಯಾಕ್ ಬೇ ಮನೆಗಳ ಮಾಲೀಕರಿಗೆ ಇವತ್ತಿಗೂ ಇರುವ ಚಿಂತೆ ಅದೇ.

ಕೆಸರಿನ ವಾಸನೆಗೆ ಪರಿಹಾರ ಹುಡುಕಿ ಹೊರಟವರಲ್ಲಿ ಮುಂಚೂಣಿಯಲ್ಲಿದ್ದವರು ಜೇಮ್ಸ್ ಜಾಕ್ಸನ್ ಸ್ಟಾರೋ. 1864ರಲ್ಲಿ ಹುಟ್ಟಿದ ಈತ ವಕೀಲ, ಬ್ಯಾಂಕರ್, ಹಾರ್ವರ್ಡ್‌ನಲ್ಲಿ ಓದುವಾಗ ದೋಣಿ ತಂಡದ ನಾಯಕ. ನದಿಯ ಬಾಯಿಗೆ ಅಣೆಕಟ್ಟು ಕಟ್ಟಿದರೆ ಉಬ್ಬರ ಇಳಿತ ನಿಂತು, ಒಳಗೆ ಸಿಹಿನೀರಿನ ಸರೋವರವಾಗುತ್ತದೆ, ಎರಡೂ ದಡಗಳಲ್ಲಿ ಜನ ಓಡಾಡಬಹುದು ಎಂದು ಅರ್ಜಿ ಹಿಡಿದು ಓಡಾಡಿದರು. ಅಣೆಕಟ್ಟು 1910ರಲ್ಲಿ ಮುಗಿಯಿತು. ಈಗ ಅದರ ಮೇಲೆ ಮ್ಯೂಸಿಯಂ ಆಫ್ ಸೈನ್ಸ್ ಇದೆ. ದಡದ ಉದ್ದಕ್ಕೂ ಎಸ್ಪ್ಲನೇಡ್ ಎಂಬ ವಿಹಾರಪಥ ಬಂತು.

ಅದೇ ವರ್ಷದ ಜನವರಿಯಲ್ಲಿ ಸ್ಟಾರೋ ಬಾಸ್ಟನ್ನಿನ ಮೇಯರ್ ಚುನಾವಣೆಗೆ ನಿಂತು, ಸಾವಿರದ ನಾಲ್ಕುನೂರರಷ್ಟು ಮತಗಳ ಅಂತರದಿಂದ ಸೋತರು. ಗೆದ್ದವರು ಜಾನ್ ಎಫ್. ಫಿಟ್ಜೆರಾಲ್ಡ್. ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಎಫ್. ಕೆನಡಿಯ ತಾಯಿಯ ತಂದೆ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ. ಸೋತ ಸ್ಟಾರೋ ಸುಮ್ಮನೆ ಕೂರಲಿಲ್ಲ. ಸಾಲದಲ್ಲಿ ಮುಳುಗಿದ್ದ ಜನರಲ್ ಮೋಟರ್ಸ್ ಕಂಪನಿಯನ್ನು ಬ್ಯಾಂಕುಗಳು ಕೈಗೆತ್ತಿಕೊಂಡಾಗ ಅದರ ಅಧ್ಯಕ್ಷಗಿರಿಯನ್ನೂ ಕೆಲಕಾಲ ನಡೆಸಿದರು. ಕೊನೆಯಲ್ಲಿ ಬಾಯ್ ಸ್ಕೌಟ್ಸ್‌ನ ರಾಷ್ಟ್ರೀಯ ಅಧ್ಯಕ್ಷರಾಗಿದ್ದರು. 1926ರಲ್ಲಿ ತೀರಿಕೊಂಡರು.

ಹತ್ತು ಲಕ್ಷ ಡಾಲರ್, ಒಂದು ಷರತ್ತು

ಇನ್ನು ಹೆಲೆನ್ ಸ್ಟಾರೋ. ಜೇಮ್ಸ್ ಅವರ ಹೆಂಡತಿ. ಶಾಲೆಯಲ್ಲಿ ಗೈಡ್ಸ್‌ನಲ್ಲಿದ್ದ ಹುಡುಗಿಯರು ಪುಣೆಯ 'ಸಂಗಮ್' ವಿಶ್ವ ಕೇಂದ್ರದ ಹೆಸರು ಕೇಳಿರುತ್ತೀರಿ. ಅಂಥ ಕೇಂದ್ರಗಳಲ್ಲಿ ಮೊದಲನೆಯದು ಸ್ವಿಟ್ಜರ್ಲೆಂಡಿನ ಆಡೆಲ್‌ಬೋಡನ್‌ನಲ್ಲಿ 1932ರಲ್ಲಿ ಶುರುವಾದ 'ಅವರ್ ಶಾಲೆ'. ನಮ್ಮ ಶಾಲೆಯಲ್ಲ, ಅದು ಮಲೆನಾಡಿನ ಮರದ ಮನೆಯಂಥದ್ದಕ್ಕೆ ಅಲ್ಲಿನವರ ಮಾತು. ಅದಕ್ಕೆ ಹಣ ಕೊಟ್ಟವರು ಇದೇ ಹೆಲೆನ್.

ಗಂಡ ತೀರಿಕೊಂಡ ಮೂರು ವರ್ಷಕ್ಕೆ, 1929ರಲ್ಲಿ, ಎಸ್ಪ್ಲನೇಡನ್ನು ಅಗಲ ಮಾಡುವ ಯೋಜನೆ ಬಂತು. ಅದರ ಜೊತೆಗೇ ದಡದ ಉದ್ದಕ್ಕೂ ಒಂದು ದೊಡ್ಡ ವಾಹನ ರಸ್ತೆಯ ಪ್ರಸ್ತಾವವೂ ಬಂತು. ಊರವರು ವಿರೋಧಿಸಿದರು. ರಸ್ತೆಯ ಪ್ರಸ್ತಾವ ಕೈಬಿಟ್ಟ ಮೇಲಷ್ಟೇ ಹೆಲೆನ್ ಯೋಜನೆಯನ್ನು ಬೆಂಬಲಿಸಲು ಒಪ್ಪಿದ್ದು. ಗಂಡನ ನೆನಪಿಗೆಂದು 10 ಲಕ್ಷ ಡಾಲರ್ ಕೊಟ್ಟರು. ಅದೂ ಆ ಕಾಲದ 10 ಲಕ್ಷ ಡಾಲರ್. ಆರ್ಥರ್ ಶರ್ಕ್ಲಿಫ್ ಎಂಬ ವಿನ್ಯಾಸಕಾರ ನದಿಗೆ ಇನ್ನಷ್ಟು ಮಣ್ಣು ತುಂಬಿ, ಒಂದು ಒಳಗೊಳವನ್ನೂ ದೋಣಿ ಕಟ್ಟುವ ತಾಣಗಳನ್ನೂ ಮರಗಳ ಸಾಲನ್ನೂ ಮಾಡಿದರು. 1936ರ ಹೊತ್ತಿಗೆ ಕೆಲಸ ಮುಗಿಯಿತು. ಜಾಗಕ್ಕೆ ಸ್ಟಾರೋ ಸ್ಮಾರಕ ಎಂಬ್ಯಾಂಕ್‌ಮೆಂಟ್ ಎಂಬ ಹೆಸರು.

1944ರಲ್ಲಿ ಹೆಲೆನ್ ತೀರಿಕೊಂಡರು. ಆಕೆ ಇಲ್ಲವಾಗುತ್ತಿದ್ದಂತೆ ಹಳೆಯ ರಸ್ತೆಯ ಫೈಲು ಮತ್ತೆ ಮೇಜಿನ ಮೇಲೆ ಬಂತು. ಈ ಸಲವೂ ವಿರೋಧ ಜೋರಾಗಿಯೇ ಇತ್ತು. ಶಾಸನಸಭೆಯಲ್ಲಿ ಹಗ್ಗಜಗ್ಗಾಟ ನಡೆದು 1949ರಲ್ಲಿ ಮಸೂದೆ ಪಾಸಾಯಿತು. ಹೇಗೆ ಪಾಸು ಮಾಡಿಸಿಕೊಂಡರು ಎಂಬುದರ ಬಗ್ಗೆ ಇವತ್ತಿಗೂ ಒಳ್ಳೆಯ ಮಾತಿಲ್ಲ. 1951ರ ಜೂನ್‌ನಲ್ಲಿ ರಸ್ತೆ ತೆರೆಯಿತು. ಹೆಸರು: ಜೇಮ್ಸ್ ಜಾಕ್ಸನ್ ಸ್ಟಾರೋ ಸ್ಮಾರಕ ಡ್ರೈವ್.

ಹೆಂಡತಿ ಯಾವ ರಸ್ತೆ ಬೇಡವೆಂದಳೋ, ಅದೇ ರಸ್ತೆಗೆ ಗಂಡನ ಹೆಸರು. ಬೆಳಗಿನ ದಟ್ಟಣೆಯಲ್ಲಿ ಸಿಕ್ಕಿಕೊಂಡು ಬಯ್ಯುವವರ ಬಾಯಲ್ಲಿ, ಟ್ರಕ್ಕಿನ ತಲೆ ಹಾರಿಹೋದ ಸುದ್ದಿಯ ತಲೆಬರಹದಲ್ಲಿ, ಆ ನದಿಯನ್ನು ಜನರಿಗಾಗಿ ಉಳಿಸಲು ಓಡಾಡಿದವರ ಹೆಸರು. ಸನ್ಮಾನದಲ್ಲೂ ಎಂಥೆಂಥ ಬಗೆ ಇದೆ ನೋಡಿ!

ಒಂದು ಮಾತು ನ್ಯಾಯವಾಗಿ ಹೇಳಬೇಕು. ರಸ್ತೆಗೆ ಕಳೆದುಹೋದ ಜಾಗಕ್ಕೆ ಬದಲಾಗಿ ನದಿಯ ಕಡೆಗೆ ಇನ್ನಷ್ಟು ತುಂಬಿ ಹೊಸ ನಡುಗಡ್ಡೆ, ಕಾಲುವೆಗಳನ್ನು ಮಾಡಿದರು. ಅವನ್ನು ವಿನ್ಯಾಸ ಮಾಡಿದ್ದು ಆರ್ಥರ್ ಅವರ ಮಗ ಸಿಡ್ನಿ ಶರ್ಕ್ಲಿಫ್. ಅಪ್ಪ ಮಾಡಿದ ಉದ್ಯಾನವನ್ನು ರಸ್ತೆ ತಿಂದಾಗ ಮಗ ಕೂತು ತೇಪೆ ಹಾಕಿದ್ದು. ಜುಲೈ 4ರ ಸ್ವಾತಂತ್ರ್ಯ ದಿನ ಬಾಸ್ಟನ್ ಪಾಪ್ಸ್ ಆರ್ಕೆಸ್ಟ್ರಾ ಕೇಳಲು ಲಕ್ಷಾಂತರ ಜನ ಸೇರುವುದು ಇದೇ ಎಸ್ಪ್ಲನೇಡಿನಲ್ಲೇ. ಆದರೆ ಮನೆಯಿಂದ ನದಿಗೆ ಹೋಗಬೇಕೆಂದರೆ ರಸ್ತೆಯ ಮೇಲಿನ ಕಾಲ್ಸೇತುವೆ ಹತ್ತಿಳಿಯಲೇಬೇಕು. ಅಕ್ಕ ಹೇಳುವ ಪ್ರಕಾರ ದಡದಲ್ಲಿ ಕೂತರೆ ಎದುರಿಗೆ ಬಾತುಕೋಳಿ, ಬೆನ್ನಿಗೆ ಕಾರಿನ ಸದ್ದು.

ದಟ್ಟಣೆಯಾದರೂ ಕಡಿಮೆಯಾಯಿತೇ? ಸುಮಾರು ಮೂರು ಕಿಲೋಮೀಟರಿನ ಈ ರಸ್ತೆಯಲ್ಲಿ ಈಗ ದಿನಕ್ಕೆ ಲಕ್ಷದ ಆಸುಪಾಸು ವಾಹನಗಳು ಓಡುತ್ತವೆ. 1962ರಲ್ಲಿ ಆಂಟನಿ ಡೌನ್ಸ್ ಎಂಬ ಅರ್ಥಶಾಸ್ತ್ರಜ್ಞ ಒಂದು ನಿಯಮ ಬರೆದರು. ನಗರದ ಎಕ್ಸ್‌ಪ್ರೆಸ್‌ವೇಗಳಲ್ಲಿ ಪೀಕ್ ಅವರ್‌ನ ದಟ್ಟಣೆ ರಸ್ತೆಯ ಪೂರ್ತಿ ಸಾಮರ್ಥ್ಯ ತುಂಬುವವರೆಗೆ ಏರುತ್ತಲೇ ಹೋಗುತ್ತದೆ ಎಂಬುದು ಅದರ ಸಾರ. ಬೇರೆ ದಾರಿಯಲ್ಲಿ ಹೋಗುತ್ತಿದ್ದವರು, ಬೇರೆ ಹೊತ್ತಿನಲ್ಲಿ ಹೊರಡುತ್ತಿದ್ದವರು, ಬಸ್ಸು ರೈಲಿನಲ್ಲಿದ್ದವರು ಎಲ್ಲರೂ ಹೊಸ ರಸ್ತೆಗೇ ಬಂದು ಸೇರುತ್ತಾರೆ. ಬೆಂಗಳೂರಿನ ಯಾವುದೇ ಫ್ಲೈಓವರ್ ಮೇಲೆ ಸಂಜೆ ಆರಕ್ಕೆ ನಿಂತವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಆಚೆ ದಡದವರ ಹಟ

ನದಿಯ ಆಚೆ ದಡ ಕೇಂಬ್ರಿಜ್. ಎಂಐಟಿ, ಹಾರ್ವರ್ಡ್ ಇರುವ ಊರು. ಎರಡು ದಡಗಳನ್ನು ಸೇರಿಸುವ ಹಾರ್ವರ್ಡ್ ಸೇತುವೆಯ ಕಥೆಯನ್ನು ಇಂಜಿನಿಯರಿಂಗ್ ಓದುವವರು ತಿಳಿದಿರಲೇಬೇಕು. 1958ರ ಅಕ್ಟೋಬರಿನಲ್ಲಿ ಎಂಐಟಿಯ ಸೀನಿಯರ್‌ಗಳ ಮಾತಿನಂತೆ ಆಲಿವರ್ ಸ್ಮೂಟ್ ಎಂಬ ಜೂನಿಯರನ್ನು ಸೇತುವೆಯ ಮೇಲೆ ಮಲಗಿಸಿ, ಗುರುತು ಹಾಕಿ, ಎಬ್ಬಿಸಿ, ಮತ್ತೆ ಮಲಗಿಸಿ ಸೇತುವೆಯನ್ನೇ ಅಳೆದರು. ಉದ್ದ 364.4 ಸ್ಮೂಟ್, ಒಂದು ಕಿವಿಯಷ್ಟು ಹೆಚ್ಚು ಕಡಿಮೆ. ಒಂದು ಸ್ಮೂಟ್ ಅಂದರೆ 1.70 ಮೀಟರ್. ಗುರುತುಗಳು ಇವತ್ತಿಗೂ ಇವೆ, 1980ರ ದಶಕದಲ್ಲಿ ಸೇತುವೆ ದುರಸ್ತಿಯಾದಾಗಲೂ ಉಳಿಸಿಕೊಂಡರು. ಆ ಹುಡುಗ ಮುಂದೆ ಅಳತೆ, ಗುಣಮಟ್ಟಗಳ ಅಂತರರಾಷ್ಟ್ರೀಯ ಸಂಸ್ಥೆ ಐಎಸ್‌ಒದ ಅಧ್ಯಕ್ಷನೇ ಆದ. ಸೀನಿಯರ್‌ಗಳ ಕಾಟದಿಂದ ಇಷ್ಟು ಒಳ್ಳೆಯದಾದ ಉದಾಹರಣೆ ನನಗೆ ಇನ್ನೊಂದು ಸಿಕ್ಕಿಲ್ಲ.

ಆಚೆ ದಡದಲ್ಲೂ ಮೆಮೋರಿಯಲ್ ಡ್ರೈವ್ ಎಂಬ ಪಾರ್ಕ್‌ವೇ ಇದೆ. 1960ರ ದಶಕದಲ್ಲಿ ಅದರ ಸಿಗ್ನಲ್‌ಗಳನ್ನು ತಪ್ಪಿಸಲು ಅಂಡರ್‌ಪಾಸ್‌ಗಳ ಯೋಜನೆ ಬಂತು. ಅದಕ್ಕೆ ಅಡ್ಡವಾಗಿದ್ದವು ಸಾಲು ಸಾಲು ಹಳೆಯ ಸಿಕಮೋರ್ ಮರಗಳು. ಬಾಸ್ಟನ್ನಿನ ಕಡೆ ಏನಾಯಿತೆಂಬುದನ್ನು ಹತ್ತು ವರ್ಷ ಎದುರಿಗೇ ಕೂತು ನೋಡಿದ್ದ ಕೇಂಬ್ರಿಜ್ ಜನ ಈ ಸಲ ಬಿಡಲಿಲ್ಲ. ಮುಂದೆ ನಿಂತವರಲ್ಲಿ ಒಬ್ಬರು ಎಡ್ವರ್ಡ್ ಬರ್ನೇಸ್. ಎಂಬಿಎ, ಪತ್ರಿಕೋದ್ಯಮ ಓದುವವರಿಗೆ ಗೊತ್ತಿರಬಹುದು, ಪಬ್ಲಿಕ್ ರಿಲೇಶನ್ಸ್ ಎಂಬ ವೃತ್ತಿಯನ್ನೇ ಕಟ್ಟಿದವರು, ಸಿಗ್ಮಂಡ್ ಫ್ರಾಯ್ಡ್‌ನ ಸೋದರಳಿಯ. ಹಿಂದೆ ಸಿಗರೇಟು ಮಾರಲು ಬಳಸಿದ್ದ ಪ್ರಚಾರದ ತಂತ್ರಗಳನ್ನು ಮರ ಉಳಿಸಲು ಬಳಸಿದರು. ಅಂಡರ್‌ಪಾಸ್ ಯೋಜನೆ ಬಿದ್ದುಹೋಯಿತು. ಮರಗಳು ಉಳಿದವು. 1970ರ ದಶಕದಿಂದ ಆ ರಸ್ತೆಯ ಒಂದು ಭಾಗವನ್ನು ಬೇಸಿಗೆಯ ಕಾಲದ ಭಾನುವಾರಗಳಲ್ಲಿ ಕಾರುಗಳಿಗೆ ಮುಚ್ಚಿ ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಡುತ್ತಾರೆ.

ಇದಕ್ಕಿಂತ ದೊಡ್ಡ ಹೋರಾಟ ಮುಂದಿತ್ತು. ಬಾಸ್ಟನ್, ಕೇಂಬ್ರಿಜ್‌ಗಳ ನಡುವಿನಿಂದ ಇನ್ನರ್ ಬೆಲ್ಟ್ ಎಂಬ ವರ್ತುಲ ಹೆದ್ದಾರಿ ಬರುವುದಿತ್ತು. ಅದರ ಹಾದಿಯಲ್ಲಿದ್ದವು ಕೂಲಿಕಾರರ, ಕಪ್ಪು ಜನರ, ವಲಸೆ ಬಂದವರ ಮನೆಗಳು. ನದಿ ದಡದ ಶ್ರೀಮಂತರಿಗೇ ರಸ್ತೆ ತಡೆಯಲಾಗಿರಲಿಲ್ಲ, ಇವರಿಂದ ಆಗುತ್ತದೆಯೇ? ಆಯಿತು. ಬೀದಿಯ ಜನ, ಪಾದ್ರಿಗಳು, ಯೋಜನಾ ತಜ್ಞರು, ಎಂಐಟಿಯ ಕೆಲವರು ಸೇರಿಕೊಂಡರು. ಅವರಲ್ಲಿ ಒಬ್ಬರು ಫ್ರೆಡ್ ಸಾಲ್ವುಚಿ, ನಮ್ಮಂತೆಯೇ ಸಿವಿಲ್ ಇಂಜಿನಿಯರ್. ಹಿಂದೊಂದು ಹೆದ್ದಾರಿಗೆ ಅವರ ಅಜ್ಜಿಯ ಮನೆಯೇ ಹೋಗಿತ್ತು. 1970ರ ಫೆಬ್ರುವರಿಯಲ್ಲಿ ಗವರ್ನರ್ ಫ್ರಾನ್ಸಿಸ್ ಸಾರ್ಜೆಂಟ್ ಟಿ.ವಿ.ಯಲ್ಲಿ ಕಾಣಿಸಿಕೊಂಡು, ನಗರದೊಳಗಿನ ಹೆಚ್ಚಿನ ಹೆದ್ದಾರಿ ಕೆಲಸಗಳನ್ನು ತಡೆಹಿಡಿದಿದ್ದೇನೆ ಎಂದು ಪ್ರಕಟಿಸಿದರು. ಸ್ವಾರಸ್ಯವೆಂದರೆ ಅವರೇ ಹಿಂದೆ ಲೋಕೋಪಯೋಗಿ ಇಲಾಖೆಯ ಆಯುಕ್ತರು, ಈ ಹೆದ್ದಾರಿಗಳ ಪರವಾಗಿದ್ದವರು. ಮುಂದೆ 1973ರ ಕೇಂದ್ರ ಕಾನೂನು ಹೆದ್ದಾರಿಯ ಹಣವನ್ನು ರೈಲಿಗೆ ತಿರುಗಿಸಲು ದಾರಿ ಮಾಡಿತು. ಹೆದ್ದಾರಿಗೆಂದು ಮನೆ ಒಡೆದು ಖಾಲಿ ಬಿಟ್ಟಿದ್ದ ಒಂದು ಪಟ್ಟಿಯಲ್ಲಿ 1987ರಲ್ಲಿ ಆರೆಂಜ್ ಲೈನ್ ರೈಲು ಓಡಿತು. ಅದರ ಉದ್ದಕ್ಕೂ ಪಾರ್ಕು.

ಈಗ ಫಿಟ್ಜೆರಾಲ್ಡ್ ಕಡೆ ಬರೋಣ. 1950ರ ದಶಕದಲ್ಲಿ ಬಾಸ್ಟನ್ ನಡುಮಧ್ಯೆ ಸಾವಿರಾರು ಜನರನ್ನು ಎಬ್ಬಿಸಿ ಕಟ್ಟಿದ ಮೇಲ್ರಸ್ತೆಗೆ ಇಟ್ಟ ಹೆಸರು ಜಾನ್ ಎಫ್. ಫಿಟ್ಜೆರಾಲ್ಡ್ ಎಕ್ಸ್‌ಪ್ರೆಸ್‌ವೇ. ಅಂದರೆ 1910ರಲ್ಲಿ ಎದುರಾಳಿಗಳಾಗಿದ್ದ ಇಬ್ಬರಿಗೂ ಸತ್ತ ಮೇಲೆ ಒಂದೊಂದು ಹೆದ್ದಾರಿ ಬಂತು. ಮೇಲ್ರಸ್ತೆಯನ್ನು ನೆಲದೊಳಗೆ ಹಾಕುವ ಕನಸು ಕಂಡು ಬೆನ್ನು ಹತ್ತಿದವರು ಆ ಹೊತ್ತಿಗೆ ರಾಜ್ಯದ ಸಾರಿಗೆ ಕಾರ್ಯದರ್ಶಿಯಾಗಿದ್ದ ಸಾಲ್ವುಚಿ. 'ಬಿಗ್ ಡಿಗ್' ಎಂಬ ಆ ಕಾಮಗಾರಿ ಮುಗಿಯುವಾಗ ಖರ್ಚು ಸುಮಾರು 1,480 ಕೋಟಿ ಡಾಲರ್. 2006ರಲ್ಲಿ ಒಂದು ಸುರಂಗದ ಚಾವಣಿಯ ಕಾಂಕ್ರೀಟ್ ಹಲಗೆ ಕಾರಿನ ಮೇಲೆ ಬಿದ್ದು ಒಬ್ಬ ಮಹಿಳೆ ಸತ್ತರು. ನಿರಂತರ ಭಾರಕ್ಕೆ ನಿಧಾನವಾಗಿ ಸಡಿಲಗೊಳ್ಳುವ ಎಪಾಕ್ಸಿ ಅಂಟನ್ನು ಬೋಲ್ಟ್‌ಗಳಿಗೆ ಬಳಸಿದ್ದೇ ಕಾರಣವೆಂದು ತನಿಖೆ ಹೇಳಿತು. ಕ್ರೀಪ್ ಅಂದರೇನು ಎಂದು ಎರಡು ಅಂಕದ ಪ್ರಶ್ನೆಗೆ ಉತ್ತರ ಬರೆಯುವಾಗ ನನಗೆ ಆ ಕಾರು ನೆನಪಾಗುತ್ತದೆ.

ಮೇಲ್ರಸ್ತೆ ಹೋಗಿ ಖಾಲಿಯಾದ ನೆಲದಲ್ಲಿ ಈಗ ಉದ್ದನೆಯ ಉದ್ಯಾನವಿದೆ. ಅದರ ಹೆಸರು ರೋಸ್ ಕೆನಡಿ ಗ್ರೀನ್‌ವೇ. ರೋಸ್, ಫಿಟ್ಜೆರಾಲ್ಡ್ ಅವರ ಮಗಳು. ಚುನಾವಣೆಯಲ್ಲಿ ಗೆದ್ದವರ ಹೆಸರಿನ ಹೆದ್ದಾರಿ ಹೋಗಿ ಮಗಳ ಹೆಸರಿನ ಪಾರ್ಕ್ ಬಂತು. ಪಾರ್ಕಿಗಾಗಿ ಬದುಕು ಸವೆಸಿದ, ಚುನಾವಣೆಯಲ್ಲಿ ಸೋತವರ ಹೆಸರು ಹೆದ್ದಾರಿಯ ಮೇಲೇ ಉಳಿಯಿತು.

ನದಿಯ ನೀರು ಮಾತ್ರ ಎಲ್ಲರನ್ನೂ ಬೆರಗುಗೊಳಿಸಿದೆ. 1995ರಲ್ಲಿ ಪರಿಸರ ಇಲಾಖೆ ಅದಕ್ಕೆ ಕೊಟ್ಟಿದ್ದ ಗ್ರೇಡ್ 'ಡಿ'. ಚರಂಡಿಗಳನ್ನು ಒಂದೊಂದಾಗಿ ಹುಡುಕಿ ಬೇರ್ಪಡಿಸುತ್ತಾ ಹೋದರು. 2011ರಲ್ಲಿ ಚಾರ್ಲ್ಸ್ ನದಿಗೆ ಅಂತರರಾಷ್ಟ್ರೀಯ ನದಿ ಪ್ರಶಸ್ತಿಯೇ ಬಂತು. ಬ್ಯಾಕ್‌ಲಾಗ್ ಇಟ್ಟುಕೊಂಡಿರುವ ಗೆಳೆಯರು ಗಮನಿಸಿ.

ನಮ್ಮೂರ ಕೆರೆ ಏರಿ

ಇಷ್ಟೆಲ್ಲ ಓದಿದ್ದು ಅಕ್ಕನಿಗೆ ಉತ್ತರ ಕೊಡಲು ಮಾತ್ರವಲ್ಲ. ಆರನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ನಮ್ಮ ನಾಲ್ವರ ತಂಡ ಆರಿಸಿಕೊಂಡಿರುವುದು ನಮ್ಮೂರಿಗೊಂದು ಬೈಪಾಸ್ ಅಲೈನ್‌ಮೆಂಟ್. ಊರ ಮಧ್ಯದ ಸರ್ಕಲ್ಲಿನಲ್ಲಿ ಬೆಳಿಗ್ಗೆ ಲಾರಿ, ಟ್ರ್ಯಾಕ್ಟರ್, ಶಾಲಾ ವ್ಯಾನುಗಳು ಗಂಟು ಹಾಕಿಕೊಳ್ಳುತ್ತವೆ. ನಕ್ಷೆ ಹರಡಿದ ತಕ್ಷಣ ಎಲ್ಲರ ಬೆರಳೂ ಹೋಗಿದ್ದು ಒಂದೇ ಕಡೆ, ಕೆರೆ ಅಂಗಳದ ಅಂಚಿಗೆ. "ಸರ್ಕಾರಿ ಜಾಗ, ಯಾರ ಮನೇನೂ ಒಡೆಯೋದು ಬೇಡ, ಪರಿಹಾರ ಕೊಡೋದು ಬೇಡ, ವ್ಯೂ ಬೇರೆ ಚೆನ್ನಾಗಿದೆ. ಇದಕ್ಕಿಂತ ಬೇಕೇನೋ?" ಅಂದ ನಮ್ಮ ತಂಡದ ಗೆಳೆಯ. ಲೆವೆಲ್ಸ್ ತೆಗೆಯುವುದರಲ್ಲಿ ಅವನಷ್ಟು ಚುರುಕು ಯಾರೂ ಇಲ್ಲ, ಮಾತೂ ಸುಳ್ಳಲ್ಲ.

ನಕ್ಷೆಯಲ್ಲಿ ಆ ಜಾಗ ಖಾಲಿ ನಿಜ. ಆದರೆ ಏರಿಯ ಮೇಲೆ ಸಂಜೆ ನನ್ನ ತಾತ ಮತ್ತವರ ಗೆಳೆಯರು ಕೂರುತ್ತಾರೆ. ಕೋಡಿಯ ಕೆಳಗೆ ಅಗಸರ ಕಲ್ಲುಗಳಿವೆ. ಗಣಪತಿ ಬಿಡುವುದು ಅಲ್ಲೇ, ಪೊಲೀಸ್ ನೇಮಕಾತಿಗೆ ತಯಾರಿ ಮಾಡುವ ಹುಡುಗರು ಬೆಳಗಿನ ಜಾವ ಓಡುವುದು ಅಲ್ಲೇ. ಇದ್ಯಾವುದಕ್ಕೂ ಸರ್ವೆ ನಂಬರಿಲ್ಲ. ನಾನು ಸ್ಟಾರೋ ಕಥೆ ಹೇಳಿದೆ. ತಂಡದ ಹುಡುಗಿಯೊಬ್ಬಳು ಪೂರ್ತಿ ಕೇಳಿ, "ಸರಿ, ಕೆರೆ ಬಿಟ್ಟು ಆಚೆ ಎಳೆದ್ರೆ ಗೆರೆ ಎಲ್ಲಿ ಹೋಗುತ್ತೆ ನೋಡು" ಅಂತ ನಕ್ಷೆ ತಿರುಗಿಸಿದಳು. ಗೆರೆ ಹೋಗುತ್ತಿದ್ದದ್ದು ಆಶ್ರಯ ಮನೆಗಳ ಸಾಲಿನ ಮೇಲೆ. ಅವಳ ಅತ್ತೆಯ ಮನೆಯೂ ಆ ಸಾಲಿನಲ್ಲೇ ಇದೆ. ನನಗೆ ಸಾಲ್ವುಚಿಯ ಅಜ್ಜಿ ನೆನಪಾದರು. ಬಾಯಿ ಮುಚ್ಚಿಕೊಂಡೆ.

ಮೂರು ದಿನ ಜಗಳ ನಡೆದ ಮೇಲೆ ನಮ್ಮ ಗೈಡ್ ಮೇಡಂ ಕರೆದು ಒಂದೇ ಪ್ರಶ್ನೆ ಕೇಳಿದರು. "ಆ ಲಾರಿಗಳು ಎಲ್ಲಿಂದ ಬಂದು ಎಲ್ಲಿಗೆ ಹೋಗ್ತಿವೆ ಅಂತ ಯಾರಾದ್ರೂ ಕೇಳಿದೀರಾ?" ಆ ಕೆಲಸಕ್ಕೆ ಇನ್ನೂ ಕೈ ಹಾಕಿರಲಿಲ್ಲ. ಒರಿಜಿನ್ ಡೆಸ್ಟಿನೇಶನ್ ಸರ್ವೆ ಸಿಲಬಸ್‌ನಲ್ಲಿದೆ, ಪರೀಕ್ಷೆಯಲ್ಲಿ ಬರುತ್ತದೆ, ಬರೆದೂ ಇದ್ದೇವೆ.

ಹೋದ ಗುರುವಾರ ಬೆಳಿಗ್ಗೆ ಆರಕ್ಕೆ ನಾಲ್ವರೂ ನೋಟ್‌ಬುಕ್ ಹಿಡಿದು ಸರ್ಕಲ್ಲಿನಲ್ಲಿ ನಿಂತೆವು. "ಯಾವ ಡಿಪಾರ್ಟ್‌ಮೆಂಟ್ ಸಾರ್, ಫೈನ್ ಹಾಕ್ತೀರಾ?" ಅಂತ ಒಬ್ಬ ಚಾಲಕ ಕೇಳಿದ. ಇನ್ನೊಬ್ಬರು ಟೀ ಕುಡಿಸಿದರು. ಸಿವಿಲ್ ಅಂದಾಗ, "ಕಂಪ್ಯೂಟರ್ ಸಿಗಲಿಲ್ವಾ ತಮ್ಮಾ?" ಅಂದರು. ಇದು ನಮಗೆ ಅಭ್ಯಾಸವಾಗಿದೆ. ಹತ್ತು ಗಂಟೆಯವರೆಗಿನ ಲೆಕ್ಕ ಕೂಡಿಸಿದಾಗ ನಾವೇ ಮುಖ ಮುಖ ನೋಡಿಕೊಂಡೆವು. ನಿಲ್ಲಿಸಿ ಕೇಳಿದ ಲಾರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಊರು ದಾಟಿ ಹೋಗುವವೇ ಅಲ್ಲ, ನಮ್ಮೂರ ಎಪಿಎಂಸಿಗೇ ಬರುವವು. ಅವಕ್ಕೆ ಬೈಪಾಸ್ ಕೆರೆಯ ಮೇಲೆ ಹೋದರೂ ಒಂದೇ, ಮನೆಗಳ ಮೇಲೆ ಹೋದರೂ ಒಂದೇ. ಎಪಿಎಂಸಿಯ ಹಿಂದಿನ ಗೇಟು ತೆರೆದು ಲಾರಿಗಳಿಗೆ ಹೊತ್ತು ಗೊತ್ತು ಮಾಡಿದರೆ ಸರ್ಕಲ್ಲಿನ ಗಂಟು ಎಷ್ಟು ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಈಗ ಲೆಕ್ಕ ಹಾಕುತ್ತಿದ್ದೇವೆ. ಲೆವೆಲ್ಸ್ ಗೆಳೆಯ ಇನ್ನೂ ಒಪ್ಪಿಲ್ಲ. ಒಂದೇ ದಿನದ ಎಣಿಕೆಯಿಂದ ಏನೂ ಹೇಳಲಾಗದು ಅನ್ನುತ್ತಾನೆ, ಆ ಮಾತೂ ಸರಿಯೇ. ಸೋಮವಾರ ಸಂತೆ, ಅಂದು ಮತ್ತೆ ಆರಕ್ಕೆ ನಿಲ್ಲಬೇಕು.